ಹಲ್ಲು ಮಾವ ಮತ್ತು ಬಟಾಣಿ ಮೀನಿನ ಹೊಟ್ಟೆಹುಳ

ನನ್ನ ಸೋದರಮಾವನನ್ನು ಮನೆಮಂದಿಯೆಲ್ಲ ಕರೆಯುವುದು ಹಲ್ಲು ಮಾವ ಎಂದು. ಅವನ ಹಲ್ಲು ಮುಂದೆ ಬಂದಿದೆ ಅಂತಲ್ಲ. ಕಟ್ಟುಹಲ್ಲು ಮಾಡುವುದು ಅವನ ಕಸುಬು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಮಾವ ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಹೊಳಪು ಕೊಟ್ಟು ಕಳಿಸುತ್ತಿದ್ದ. ನಮ್ಮ ಬೀದಿಯಲ್ಲಿ ಬಾಯ್ತುಂಬ ನಗುವ ಮುದುಕರಲ್ಲಿ ಅರ್ಧ ಜನ ನಗುವುದು ಅವನ ಕೈಕೆಲಸದಿಂದಲೇ. ಯಾರಾದರೂ ಎದುರಿಗೆ ಬಂದು ನಕ್ಕರೆ ಅವನು ಮುಖ ನೋಡುವವನಲ್ಲ, ನೇರ ಬಾಯೊಳಗೆ ಇಣುಕುವವನು. ಇದಕ್ಕಾಗಿ ಅತ್ತೆಯಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಈಗ ಆ ಕೆಲಸವನ್ನೆಲ್ಲ ಮಾಡುತ್ತಿರುವವಳು, ವರ್ಷಗಟ್ಟಲೆ ಅವನ ಪಕ್ಕ ಕೂತು ಕಲಿತ ನಾನು. ಹೋದ ವರ್ಷ ಮಾವನ ಬಲಗೈ ನಡುಗಲು ಶುರುವಾಯಿತು. ಮೇಣ ಕೆತ್ತುವಾಗ ಒಂದು ಮುಂದಿನ ಹಲ್ಲು ವಾರೆಯಾಯಿತು. ಬೆಳಕು ಸರಿಯಿಲ್ಲ ಎಂದ. ಮತ್ತೊಂದು ವಾರೆಯಾಯಿತು. ಚಾಕು ಮೊಂಡಾಗಿದೆ ಎಂದ. ಆಮೇಲೆ ಚಹಾ ಜಾಸ್ತಿ ಸ್ಟ್ರಾಂಗ್ ಆಯಿತು ಎಂದು ಅತ್ತೆಯ ಮೇಲೆ ಹಾಕಿದ. ನೆಪ ಹುಡುಕುವುದರಲ್ಲಿ ನಮ್ಮ ಮಾವ ಎತ್ತಿದ ಕೈ. ಕೊನೆಗೊಂದು ದಿನ ಏನೂ ಹೇಳದೆ ಚಾಕನ್ನು ನನ್ನ ಮುಂದಕ್ಕೆ ತಳ್ಳಿ ಎದ್ದುಹೋದ. ಅವತ್ತಿನಿಂದ ಆ ಕೈ ಪ್ಯಾಂಟಿನ ಜೇಬು ಸೇರಿತು. ಊಟ, ಚಹಾ, ಬಾಗಿಲು ತೆಗೆಯುವುದು, ಎಲ್ಲ ಎಡಗೈಯಲ್ಲೇ. ಹೊರಗಿನವರು ಬಂದರಂತೂ ಜೇಬಿಗೆ ಬೀಗ ಹಾಕಿದಂತೆ.

ಡಾಕ್ಟರಿಗೆ ತೋರಿಸು ಎಂದು ಅತ್ತೆ ಅಂಗಲಾಚಿದಳು. ನಾನು ಜಗಳವಾಡಿದೆ. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಒಂದು ದಿನ ನನಗೆ ರೇಗಿ, ನಿನಗೇನು ಹೆದರಿಕೆಯಾ ಎಂದು ಕೇಳಿಯೇ ಬಿಟ್ಟೆ.

"ತೋರಿಸಿದ್ರೆ ಅವರು ಏನೋ ಒಂದು ಹೆಸರು ಹೇಳ್ತಾರೆ," ಎಂದ ಮಾವ. "ಹೇಳಿದ ಮೇಲೆ ಅದು ಮನೇಲೇ ಇರುತ್ತೆ."

ಅವತ್ತಿಗೆ ನಾನು ಜಗಳ ಬಿಟ್ಟೆ. ಆದರೆ ಅತ್ತೆ ಪ್ರತಿದಿನ ಅವನ ಜೇಬನ್ನೇ ನೋಡುತ್ತ ಒಳಗೊಳಗೇ ಕರಗುತ್ತಿದ್ದಳು. ನಮಗೆ ಬೇಕಿದ್ದದ್ದು ಒಂದೇ, ಆ ಕೈಯನ್ನು ಅವನು ಒಬ್ಬ ಡಾಕ್ಟರ ಮುಂದೆ ಚಾಚಬೇಕು.

ಕೆಲಸ ಬಿಟ್ಟವನಿಗೆ ಹೊತ್ತು ಹೋಗಬೇಕಲ್ಲ, ಒಂದು ಸಂಜೆ ತಿರುಗಾಡಲು ಹೋದವನು ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಒಳಗೆ ಐದಾರು ಪುಟಾಣಿ ಪಫರ್ ಮೀನುಗಳು, ಗಾಬರಿಯಾದರೆ ಮೈ ಉಬ್ಬಿಸುವ ಜಾತಿ. ಹಸಿರು ಮೈ, ಮೇಲೆ ಕಪ್ಪು ಮಚ್ಚೆ, ಗುಂಡಗೆ ಬಟಾಣಿ ಕಾಳಿನ ಹಾಗೆ. ಅಂಗಡಿಯವನು ಇವಕ್ಕೆ ಹಲ್ಲಿದೆ ಎಂದನಂತೆ. ಅಷ್ಟೇ ಸಾಕಾಯಿತು, ಮಾವ ಚೀಲ ಕಟ್ಟಿಸಿಕೊಂಡು ಬಂದಿದ್ದ. ಭೂತಗನ್ನಡಿ ಹಿಡಿದು ಅವುಗಳ ಬಾಯಿ ನೋಡಿದ್ದೂ ನೋಡಿದ್ದೇ. ಬಸವನಹುಳದ ಚಿಪ್ಪನ್ನು ಕಟಕ್ಕನೆ ಒಡೆಯುವ ಹಲ್ಲು, ಸವೆದಷ್ಟೂ ಬೆಳೆಯುವ ಹಲ್ಲು. "ಇವೆಲ್ಲ ನಮ್ಮ ಗಿರಾಕಿಗಳಲ್ಲ ಕಣೆ," ಎಂದು ನನ್ನ ಹತ್ತಿರ ಬಂದು ಪೇಚಾಡಿಕೊಂಡ.

ಕೆಲಸದ ಕೋಣೆಯ ಕಿಟಕಿಯ ಪಕ್ಕ ಗಾಜಿನ ತೊಟ್ಟಿ ಬಂತು. ಪ್ಲಾಸ್ಟರ್ ಪುಡಿ ನೀರಿಗೆ ಬೀಳಬಾರದೆಂದು ಹೊಳಪಿನ ಮೆಷಿನ್ನನ್ನು ಮೂಲೆಗೆ ಎತ್ತಿಡಲಾಯಿತು. ಅಷ್ಟು ವರ್ಷ ಅದೇ ಪುಡಿಯಲ್ಲಿ ಕೆಮ್ಮಿದ ನನಗಾಗಿ ಯಾರೂ ಅದನ್ನು ಒಂದಿಂಚು ಸರಿಸಿರಲಿಲ್ಲ, ಇರಲಿ. ಮೀನುಗಳಲ್ಲಿ ಒಂದಕ್ಕೆ ಮಾವ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟ. ತೊಟ್ಟಿಗೆ ಏನೇ ಬಿದ್ದರೂ ಮೊದಲು ಬಂದು, ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ ತಿರುಗಿಸಿ ತನಿಖೆ ಮಾಡುವುದು ಅದೇ. ಅದಕ್ಕೆ ಬೇಕಿದ್ದದ್ದು ಅಂಗಡಿಯಿಂದ ತಂದ ಸಣ್ಣ ಕೆಂಪು ಹುಳು, ಅದೂ ಒದ್ದಾಡುತ್ತಿರಬೇಕು. ಅಲುಗಾಡದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಮಾವನಿಗೆ ಅದೆಂದರೆ ಪಂಚಪ್ರಾಣ. ಬಲಗೈ ಜೇಬಿನಲ್ಲಿಟ್ಟುಕೊಂಡೇ ಗಂಟೆಗಟ್ಟಲೆ ಅದರ ಮುಂದೆ ಕೂರುತ್ತಿದ್ದ.

ಹೀಗಿರುವಾಗ ಇನ್ಸ್‌ಪೆಕ್ಟರ್ ಸೊರಗಿತು. ತಿನ್ನುವುದೇನೂ ಕಡಿಮೆಯಿರಲಿಲ್ಲ, ಆದರೆ ಹೊಟ್ಟೆ ಮಾತ್ರ ದಿನದಿನಕ್ಕೆ ಒಳಗೆ ಹೋಯಿತು. ಹಿಂದುಗಡೆ ಬಿಳಿ ದಾರದಂಥ ಹಿಕ್ಕೆ ನೇತಾಡುತ್ತಿತ್ತು. ಮಾವನ ಊಟವೂ ಅರ್ಧಕ್ಕರ್ಧ ಇಳಿಯಿತು. ಗಂಡನಿಗೆ ಹೇಳಿ ಹೇಳಿ ಸಾಕಾಗಿದ್ದ ಅತ್ತೆ ಮೀನು ಸೊರಗಿದಾಗ ಸುಮ್ಮನಿರಲಿಲ್ಲ. ಗಾಜಿನ ಬಾಟಲಿಯೊಂದರಲ್ಲಿ ನೀರು ತುಂಬಿಸಿ, ಮೀನನ್ನು ಅದಕ್ಕೆ ಬಿಟ್ಟು, ನಮ್ಮಿಬ್ಬರನ್ನೂ ಪಶುವೈದ್ಯೆಯ ಬಳಿಗೆ ಹೊರಡಿಸಿದಳು.

ಸರದಿಯಲ್ಲಿ ನಮ್ಮ ಪಕ್ಕ ಒಂದು ದಪ್ಪ ಬೆಕ್ಕು ಕೂತಿತ್ತು. ಬೆಕ್ಕು ಬಾಟಲಿಯಿಂದ ಕಣ್ಣು ಕೀಳಲಿಲ್ಲ, ಮಾವ ಬೆಕ್ಕಿನಿಂದ ಕಣ್ಣು ಕೀಳಲಿಲ್ಲ. ವೈದ್ಯೆ ಚಿಕ್ಕ ವಯಸ್ಸಿನವರು, ನಗುಮುಖದವರು. ತಾವು ನೋಡುವುದು ಹೆಚ್ಚಾಗಿ ಕಾಲಿರುವ ಪ್ರಾಣಿಗಳನ್ನು ಎಂದು ಹೇಳಿ, ಮೀನು ಬಲ್ಲ ತಮ್ಮ ಗುರುಗಳಿಗೆ ಫೋನು ಮಾಡಿದರು. ಬಾಟಲಿಯ ತಳದಿಂದ ಹಿಕ್ಕೆಯ ಚೂರನ್ನು ಎತ್ತಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನಮ್ಮನ್ನೂ ಕರೆದು ತೋರಿಸಿದರು. ಕೂದಲಿಗಿಂತ ಸಣ್ಣದೇನೋ ಅಲ್ಲಿ ಹೊರಳುತ್ತಿತ್ತು. ಹೊಟ್ಟೆಹುಳ. ತಿಂದದ್ದೆಲ್ಲ ಹುಳದ ಪಾಲಾಗುತ್ತಿದೆ, ಬಹುಶಃ ಅಂಗಡಿಯ ಆಹಾರದ ಜೊತೆಗೇ ಬಂದಿರಬೇಕು ಎಂದರು. ಪುಡಿ ಕೊಟ್ಟು, ಇದನ್ನು ಆಹಾರಕ್ಕೆ ಸೇರಿಸಿ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳಿ, ಸ್ವಲ್ಪ ದಿನ ಬಿಟ್ಟು ಇನ್ನೊಂದು ಸುತ್ತು ಕೊಡಿ, ಮೊಟ್ಟೆ ಒಡೆದು ಬಂದ ಮರಿಗಳೂ ಸಾಯಬೇಕು ಎಂದರು. ತೊಟ್ಟಿಯ ತಳ ಚೊಕ್ಕಟ ಮಾಡಿ ನೀರು ಬದಲಿಸುತ್ತಿರಬೇಕು. ಇನ್ನೂ ತಡ ಮಾಡಿದರೆ ಅದು ತಿನ್ನುವುದನ್ನೇ ಬಿಡುತ್ತದೆ, ಆಮೇಲೆ ಯಾವ ಔಷಧಿಯೂ ಒಳಗೆ ಹೋಗದು.

ಮಾವ ಹುರುಪಿನಿಂದ ಮನೆಗೆ ಬಂದವನೇ ಬಟ್ಟಲಿನಲ್ಲಿ ಪುಡಿ ಕದಡಿ, ಉಳಿದಿದ್ದ ಕೆಂಪು ಹುಳುಗಳನ್ನೆಲ್ಲ ಅದರಲ್ಲಿ ಬಿಟ್ಟ. ಹುಳು ಔಷಧಿ ಕುಡಿಯಲಿ, ಮೀನು ಹುಳು ತಿನ್ನಲಿ ಎಂಬುದು ಅವನ ಲೆಕ್ಕಾಚಾರ. ನನಗೂ ಅದು ಸರಿಯಾಗಿಯೇ ಕಂಡಿತು. ಸಂಜೆ ನೋಡಿದರೆ ಅಷ್ಟೂ ಹುಳುಗಳು ಸೆಟೆದುಕೊಂಡು ಬಿದ್ದಿದ್ದವು. ಒಂದೂ ಮಿಸುಕುತ್ತಿರಲಿಲ್ಲ. ನಾವಿಬ್ಬರೂ ಬಟ್ಟಲು ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು.

"ಹುಳದ ಔಷಧಿ ಹುಳಾನ ಕೊಲ್ಲದೆ ಇನ್ನೇನು ಸಾಕುತ್ತಾ?" ಎಂದಳು ಅತ್ತೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ಹರಳೆಣ್ಣೆ ಕುಡಿದ ಮುಖ ಮಾಡಿದ. ಸತ್ತ ಹುಳುಗಳನ್ನೇ ತೊಟ್ಟಿಗೆ ಹಾಕಿ ನೋಡಿದೆವು. ಇನ್ಸ್‌ಪೆಕ್ಟರ್ ಬಂತು, ತನಿಖೆ ಮಾಡಿತು, ಕೇಸಿನಲ್ಲಿ ಹುರುಳಿಲ್ಲ ಎಂಬಂತೆ ಹಿಂತಿರುಗಿತು.

ಬೇರೆ ಮನೆಯಲ್ಲಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರೋ ಏನೋ. ನಮ್ಮದು ಅಚ್ಚು ತೆಗೆಯುವವರ ಮನೆ. ಮಾವ ಹೇಳಿಕೊಟ್ಟಂತೆ ನಾನು ಪ್ಲಾಸ್ಟರಿನ ಬಿಲ್ಲೆಯಲ್ಲಿ ಸೂಜಿಯಿಂದ ಹುಳದಾಕಾರದ ಗೀರುಗಳನ್ನು ಕೆತ್ತಿದೆ. ಸತ್ತ ಹುಳುಗಳನ್ನು ಅರೆದು, ಅಳತೆಯ ಪುಡಿ ಬೆರೆಸಿ, ಜೆಲಾಟಿನ್ ಸೇರಿಸಿ ಹೊಯ್ದೆವು. ಬಣ್ಣಕ್ಕೆ ಬೀಟ್‌ರೂಟ್ ರಸ. ತಣ್ಣಗಾದ ಮೇಲೆ ಬಿಡಿಸಿದರೆ ಎಂಥ ಹುಳುಗಳು ಅಂತೀರಿ, ಒಂದೊಂದರ ಮೈಮೇಲೂ ಗೆರೆ ಸಹಿತ ಮೂಡಿತ್ತು. ಬಣ್ಣ ಮಾತ್ರ ಥೇಟ್ ಒಸಡಿನದು. ಮಾವ ಬೆಳಕಿಗೆ ಹಿಡಿಸಿ ನೋಡಿ, ಅಂಚು ಇನ್ನೂ ನಯವಾಗಬೇಕಿತ್ತು ಎಂದು ನನ್ನ ತಪ್ಪು ಹಿಡಿದ. ಎಷ್ಟೋ ತಿಂಗಳ ಮೇಲೆ ಅವನು ನನ್ನ ಕೆಲಸಕ್ಕೆ ಕೊಂಕು ತೆಗೆದದ್ದು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ಸ್‌ಪೆಕ್ಟರ್ ಅದಕ್ಕೂ ಕ್ಯಾರೇ ಅನ್ನಲಿಲ್ಲ. ಎಷ್ಟು ಚೆಂದವಿದ್ದರೇನು, ಅಲುಗಾಡಬೇಡವೇ. ಆಗ ಅತ್ತೆ ಚಿಮಟದಲ್ಲಿ ಒಂದು ಹುಳು ಹಿಡಿದು ನೀರಿಗಿಳಿಸಿ ಅಲ್ಲಾಡಿಸಿದಳು. ಅವಳದು ಕಸ ಗುಡಿಸುವ ಬೀಸು. ತೊಟ್ಟಿಯ ಗಿಡಗಳೆಲ್ಲ ತೊನೆದಾಡಿ ಮೀನುಗಳು ದಿಕ್ಕಾಪಾಲಾದವು. ನಾನು ಹಿಡಿದೆ. ನನ್ನ ಕೈಗೆ ಮಾವನೇ ಕಲಿಸಿದ ಪಾಠ ಕದಲದಿರುವುದು. ಬೇಕೆಂದು ಅಲುಗಿಸಿದರೆ ಗಂಟೆ ಬಾರಿಸಿದಂತಾಗುತ್ತಿತ್ತು, ಬಿಟ್ಟರೆ ಕಂಬದ ಹಾಗೆ ನಿಲ್ಲುತ್ತಿತ್ತು. ಇನ್ಸ್‌ಪೆಕ್ಟರ್ ಅಷ್ಟರಲ್ಲಿ ಬಳಲಿ ಮೂಲೆಯ ಕಲ್ಲಿನ ಪಕ್ಕ ಹೋಗಿ ಕೂತಿತ್ತು. ಮೇಲಿನಿಂದ ನೋಡಿದರೆ ತಲೆ ಅಷ್ಟೇ, ಹಿಂದೆ ಮೈಯೇ ಇಲ್ಲ. ನನಗೆ ನಿಜಕ್ಕೂ ಅಳು ಬಂತು.

ಮಾವ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಮುಖ ಬಾಡಿತ್ತು. ಒಮ್ಮೆ ಎದ್ದ, ಮತ್ತೆ ಕೂತ. ಆಮೇಲೆ ಜೇಬಿನಿಂದ ಬಲಗೈ ತೆಗೆದ. "ಕೊಡು ಇಲ್ಲಿ," ಎಂದ, ನನ್ನ ಕಡೆ ನೋಡದೆ.

ನಾನು ಚಿಮಟ ಕೊಟ್ಟೆ. ಅದು ಅವನ ಬೆರಳಿಗೆ ಹೋದದ್ದೇ ತಡ ತುದಿಯಲ್ಲಿದ್ದ ಒಸಡುಬಣ್ಣದ ಹುಳುವಿಗೆ ಜೀವ ಬಂತು. ಸಣ್ಣಗೆ, ಬಿಡದೆ, ತಲೆಯಿಂದ ಬಾಲದವರೆಗೂ ಮಿಡುಕತೊಡಗಿತು. ನೀರು ಕಲಕಲಿಲ್ಲ, ಒಂದು ಎಲೆಯೂ ಅಲುಗಲಿಲ್ಲ. ಕಲ್ಲಿನ ಪಕ್ಕದಿಂದ ಒಂದು ಕಣ್ಣು ಅತ್ತ ತಿರುಗಿತು. ಆಮೇಲೆ ಎರಡನೆಯದೂ ತಿರುಗಿತು. ಇನ್ಸ್‌ಪೆಕ್ಟರ್ ಮೆಲ್ಲಗೆ ಮೇಲೆದ್ದು, ಹತ್ತಿರ ಬಂದು, ನಿಂತು, ತಲೆ ವಾರೆ ಮಾಡಿ, ಲಪಕ್ಕನೆ ಕಚ್ಚಿ ಎಳೆಯಿತು. ನಾವು ಮೂವರೂ ಉಸಿರು ಬಿಡಲಿಲ್ಲ, ಉಗುಳಿಬಿಟ್ಟರೆ ಗತಿಯೇನು. ಅದು ಉಗುಳಲಿಲ್ಲ, ನುಂಗಿತು.

"ಇನ್ನೊಂದು ಹಿಡಿಸು," ಎಂದ ಮಾವ. ದನಿಯೂ ಕೈಯಷ್ಟೇ ನಡುಗುತ್ತಿತ್ತು.

ಅವತ್ತಿನಿಂದ ದಿನವೂ ಅದೇ ಕೆಲಸ. ಉಳಿದ ಮೀನುಗಳಿಗೂ ಹುಳ ಇದ್ದೇ ಇರುತ್ತದೆಂದು ವೈದ್ಯೆ ಹೇಳಿದ್ದರಿಂದ ಸಾಲಾಗಿ ಎಲ್ಲಕ್ಕೂ ಉಣಿಸಬೇಕಾಗಿತ್ತು. ನಾನು ಅಚ್ಚು ಹೊಯ್ಯುವುದು, ಅತ್ತೆ ತಳದ ಕೊಳೆಯನ್ನು ಪೈಪಿನಲ್ಲಿ ಎಳೆದು ನೀರು ಬದಲಿಸುವುದು, ಮಾವ ತುತ್ತು ಕೊಡುವುದು. ಕೈ ದಣಿದು ನಡುಕ ಜೋರಾದರೆ ಮೀನುಗಳಿಗೆ ಇನ್ನೂ ಇಷ್ಟ. ಹಲ್ಲಿನ ಅಚ್ಚು ಕೊಡಲು ಬಂದವರೂ ನಿಂತು ನೋಡುತ್ತಿದ್ದರು, ಮಾವನಿಗೆ ಜೇಬಿನ ನೆನಪಾಗುತ್ತಲೇ ಇರಲಿಲ್ಲ. ಅವನ ಕೈಗುಣವೇ ಅಂಥದ್ದು ಎಂದು ಅತ್ತೆ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದಳು.

ಎರಡನೆಯ ಸುತ್ತು ಮುಗಿಯುತ್ತಿದ್ದ ಹೊತ್ತಿಗೆ, ನಾನು ಯಾರದೋ ದವಡೆಗೆ ಹೊಳಪು ಕೊಡುತ್ತಿದ್ದೆ, ಅತ್ತೆ ತೊಟ್ಟಿಯ ಮುಂದೆ ಕೂಗಿಕೊಂಡಳು. ಗಾಬರಿಯಿಂದ ಓಡಿಹೋದರೆ ಅವಳು ಬೆರಳು ತೋರಿಸಿದ್ದು ಇನ್ಸ್‌ಪೆಕ್ಟರಿನ ಹಿಂಭಾಗಕ್ಕೆ. ಬಿಳಿ ದಾರವಿಲ್ಲ. ಚಿಕ್ಕದಾಗಿ, ಕಂದು ಬಣ್ಣದ, ಗಟ್ಟಿ ಹಿಕ್ಕೆ. ಒಂದು ಮೀನು ಹೇತದ್ದಕ್ಕೆ ವಯಸ್ಸಾದ ಗಂಡ ಹೆಂಡತಿ ಕೈ ಕೈ ಹಿಡಿದು ಕುಣಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಟ್ಟೆಯೂ ಮತ್ತೆ ಗುಂಡಗಾಗಿತ್ತು. ವೈದ್ಯೆ ಮತ್ತೊಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಿ, ಈಗ ಏನೂ ಹೊರಳುತ್ತಿಲ್ಲ ಎಂದರು.

ಅಲ್ಲಿಂದ ಮೂವರೂ ಮನೆಗೆ ಬರುತ್ತಿದ್ದಾಗ ಮಾವ ತಾನಾಗಿಯೇ ಬಾಯಿಬಿಟ್ಟ. "ಅದಕ್ಕೂ ಒಂದು ಹೆಸರು ಹೇಳಿದ್ರು, ಔಷಧಿ ಕೊಟ್ರು, ಹೋಯ್ತು," ಎಂದ. "ನಾಳೆ ನನ್ನನ್ನೂ ಕರ್ಕೊಂಡು ಹೋಗಿ."

ಅತ್ತೆ ನಡೆಯುತ್ತಿದ್ದವಳು ನಿಂತೇಬಿಟ್ಟಳು. ಮಾತು ಬದಲಾಯಿಸಿಯಾನು ಎಂದು ಹೆದರಿ ನಾನು ದಾರಿಯಲ್ಲೇ ಫೋನು ಮಾಡಿ ಡಾಕ್ಟರ ಸಮಯ ತೆಗೆದುಕೊಂಡೆ.

ಡಾಕ್ಟರು ಬಹಳ ಹೊತ್ತು ನೋಡಿದರು. ನಡೆಸಿದರು, ಗೆರೆ ಎಳೆಸಿದರು, ಲೋಟ ಹಿಡಿಸಿದರು. ಕೈ ಚಾಚಿ ಎಂದಾಗ ಮಾವ ಎರಡೂ ಕೈಗಳನ್ನು ಮೇಜಿನ ಮೇಲೆ ಬೆಳಕಿನಲ್ಲಿ ಚಾಚಿದ. ನಾವು ಒಳಗೊಳಗೇ ಹೆದರಿದ್ದ, ಮೈಯನ್ನೆಲ್ಲ ಹಿಡಿಯುವ ಕಾಯಿಲೆ ಅದಲ್ಲ ಎಂದರು ಡಾಕ್ಟರು. ವಯಸ್ಸಾದ ಎಷ್ಟೋ ಜನಕ್ಕೆ ಬರುವ ನಡುಕವಂತೆ. ಪೂರ್ತಿ ಹೋಗುತ್ತದೆಂದು ಹೇಳಲಾಗದು, ಆದರೆ ಮಾತ್ರೆಯಿಂದ ಸಾಕಷ್ಟು ಇಳಿಸಬಹುದು. ಅತ್ತೆ ಕುರ್ಚಿಗೆ ಒರಗಿ, ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟಳು.

ಮಾವ ಮಾತ್ರ ಯೋಚನೆಗೆ ಬಿದ್ದಿದ್ದ.

"ಡಾಕ್ಟ್ರೇ, ಎಲ್ಲಾ ಇಳಿಸ್ಬೇಡಿ," ಎಂದ. "ಒಂಚೂರು ಉಳಿಸಿ. ಮನೇಲಿ ಊಟಕ್ಕೆ ಕಾಯ್ತಿರ್ತಾರೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಇವರು ಏನು ಹೇಳುತ್ತಿದ್ದಾರೆ ಎಂದು ನನ್ನ ಮುಖ ನೋಡಿದರು. ಮೀನಿನ ಕತೆ ಎಲ್ಲಿಂದ ಶುರು ಮಾಡಲಿ ಎಂದು ನಾನು ಅತ್ತೆಯ ಕಡೆ ತಿರುಗಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು.