ಕಿಟಕಿ ಪಕ್ಕದ ತಟ್ಟೆ

ಹೆಣ್ಣು ಕೊಟ್ಟ ನನ್ನ ಮಾವ ಮೂವತ್ತೆಂಟು ವರ್ಷ ಮಾಂಸದ ಅಂಗಡಿ ನಡೆಸಿದವರು. ಅಂಗಡಿ ಮುಚ್ಚಿದರೂ ಬೀದಿಯವರು ಅವರಿಗೆ ನಿವೃತ್ತಿ ಕೊಡಲಿಲ್ಲ. ಮೂಲೆಯ ಹೋಟೆಲಿನ ಗೋಡೆಯಲ್ಲಿ ಹಲಾಲ್ ಪ್ರಮಾಣಪತ್ರ ತೂಗುತ್ತದೆ. ನೊಣಗಳನ್ನು ಬಿಟ್ಟರೆ ಅದರ ಹತ್ತಿರ ಹೋದವರಿಲ್ಲ. ಎಲ್ಲರೂ ಓದುವುದು ಮಾವನ ತಟ್ಟೆಯನ್ನು. ಶುಕ್ರವಾರ ನಮಾಜು ಮುಗಿಸಿ ಅವರು ಕಿಟಕಿ ಪಕ್ಕ ಕೂತು ಮೊದಲ ತುಂಡು ಬಾಯಿಗಿಟ್ಟರೆಂದರೆ, ಹೊರಗೆ ನಿಂತವರೆಲ್ಲ ಒಳಗೆ.

"ಊಟ ಮಾಡ್ತಿದೀನೋ ಸಾಕ್ಷಿ ಹೇಳ್ತಿದೀನೋ ಗೊತ್ತಾಗಲ್ಲ ಕಣಯ್ಯ," ಎಂದು ನಿಟ್ಟುಸಿರು ಬಿಡುತ್ತಿದ್ದರು.

ಹೋದ ತಿಂಗಳು ಅವರ ಕಾಲಿನ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತು. ಮಾಂಸ ಬಂದ್ ಅಂದರು ಡಾಕ್ಟರು. ಮಾವ ನಮಗೆ ಹೇಳಿದ್ದು ಮಾತ್ರ, "ಹೊಸ್ತಿಲು ಎಡವಿದೆ." ಜೀವಮಾನವಿಡೀ ಮಾಂಸ ಮಾರಿದವನಿಗೆ ಮಾಂಸ ಆಗಿಬರಲ್ಲ ಅಂತ ಯಾವ ಮುಖದಲ್ಲಿ ಹೇಳಿಯಾರು?

ಆ ಶುಕ್ರವಾರ ನಾನು ತಡವಾಗಿ ಬಂದೆ. ಕಿಟಕಿಯಲ್ಲಿ ನೋಡುತ್ತೇನೆ, ಮಾವನ ತಟ್ಟೆಯಲ್ಲಿ ಬೇಯಿಸಿದ ಗಜ್ಜರಿ ಮತ್ತು ಬೀನ್ಸು! ನಮ್ಮವರ ಪದ್ಧತಿ ಗೊತ್ತಲ್ಲ: ಮಾಂಸದ ಮೇಲೆ ಅನುಮಾನ ಬಂದರೆ ಜಗಳ ಆಡುವುದಿಲ್ಲ, ತರಕಾರಿ ತರಿಸಿಕೊಂಡು ತೆಪ್ಪಗಿರುತ್ತೇವೆ. ನಾನು ಒಳಗೇ ಹೋಗದೆ ಮನೆಗೆ ಬಂದೆ. ಹೆಂಡತಿಗೆ ಮಾತ್ರ ಹೇಳಿದೆ.

"ಅಪ್ಪನ್ನೇ ಕೇಳಬಹುದಿತ್ತಲ್ಲ?"

"ಅವರು ಯಾರ ಮಾನಾನೂ ತೆಗೆಯೋರಲ್ಲ. ಕೇಳಿದರೆ ಹೇಳ್ತಾರಾ?"

ಅವಳೂ ಯಾರಿಗೂ ಹೇಳಲಿಲ್ಲ, ತಂಗಿಗೆ ಬಿಟ್ಟು.

ಗುರುವಾರ ಮಾವನಿಂದ ಕರೆ ಬಂತು. ಹೋಗಿ ನೋಡಿದರೆ ಅವರ ಜಗಲಿಯಲ್ಲಿ ಹೋಟೆಲಿನಾಕೆ ಕೂತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಒಲೆ ಮುಂದೆ ನಿಂತು ಮಕ್ಕಳನ್ನು ಸಾಕಿದವಳು.

"ಆರು ದಿನದಿಂದ ನಾನು ಮಾಡಿದ್ದನ್ನ ನಾವೇ ತಿಂತಿದೀವಿ," ಅಂದಳು. "ಅದೇ ಅಂಗಡಿ, ಅದೇ ಮಾಂಸ. ಬಾಗಿಲು ಹಾಕಲಾ, ಹೇಳಿ."

ಮಾವ ಹೆಬ್ಬೆರಳನ್ನೂ ಡಾಕ್ಟರ ಚೀಟಿಯನ್ನೂ ಒಟ್ಟಿಗೇ ನನ್ನ ಮುಂದೆ ಚಾಚಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದೂ ತರಕಾರಿ ತಿನ್ನುತ್ತಿತ್ತೇನೋ, ಬಿಡಲಿಲ್ಲ.

"ಚೀಟಿ ಗೋಡೆಗೆ ಅಂಟಿಸೋಣ," ಅಂದೆ.

"ಗೋಡೆ ಮೇಲಿರೋದನ್ನ ನಿಮ್ಮಲ್ಲಿ ಯಾವನು ಓದಿದಾನಯ್ಯ?" ಮಾವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಜಾಸ್ತಿ. "ಒಂದು ತುಂಡು ನಾನೇ ತಿಂದುಬಿಡ್ತೀನಿ. ಒಂದು ವಾರ ನೋವು, ಅಷ್ಟೇ ತಾನೆ?"

"ಬೇಡ ಅಣ್ಣ," ಅಂದಳು ಆಕೆ. "ನಿಮ್ಮ ಕಾಲು ತಿಂದು ನನ್ನ ಹೋಟೆಲು ಉಳೀಬೇಕಾಗಿಲ್ಲ."

ಮಾವ ಬಹಳ ಹೊತ್ತು ನನ್ನನ್ನೇ ನೋಡಿದರು. ಅಷ್ಟು ಹೊತ್ತು ಅವರು ಹಿಂದೆ ನೋಡುತ್ತಿದ್ದದ್ದು ಕುರಿಗಳನ್ನು.

ಮಾರನೆಯ ದಿನ ಕಿಟಕಿ ಪಕ್ಕ ನಾವಿಬ್ಬರೂ. ಅವರ ಮುಂದೆ ಬೀನ್ಸು, ನನ್ನ ಮುಂದೆ ಮಾಂಸ. ಹೊರಗೆ ಹತ್ತು ಹದಿನೈದು ಜನ ಏನೋ ನೆಪ ಮಾಡಿಕೊಂಡು ನಿಂತಿದ್ದರು. ನಾನು ಎರಡು ತುಂಡು ತಿಂದರೂ ಒಬ್ಬನೂ ಕದಲಲಿಲ್ಲ. ನನ್ನ ಬಾಯಿಯ ಯೋಗ್ಯತೆ ಊರಿಗೇ ಗೊತ್ತು, ಸಿಕ್ಕಿದ್ದೆಲ್ಲ ಒಳಗೆ.

ಆಗ ಮಾವ ನನ್ನ ತಟ್ಟೆ ಎಳೆದುಕೊಂಡು, ಒಂದು ತುಂಡು ಮುರಿದು, ಬಿಸ್ಮಿಲ್ಲಾ ಎಂದು ತಮ್ಮ ಕೈಯಾರೆ ನನ್ನ ಬಾಯಿಗಿಟ್ಟರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಮಗಳ ಗಂಡನಿಗೆ ಹರಾಮು ಉಣ್ಣಿಸುವ ಮಾವ ಎಲ್ಲಿದ್ದಾನೆ? ಹೊರಗೆ ನಿಂತವರಲ್ಲಿ ಮೊದಲು ನಮ್ಮ ಬೀದಿಯ ದರ್ಜಿ ಒಳಗೆ ಬಂದ, ಅವನ ಹಿಂದೆ ಉಳಿದವರು. ಹೋಟೆಲಿನಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆಯ ಕಡೆ ಓಡಿದಳು.

ಮಾವ ಬೆರಳು ಮೂಸಿ ನೋಡಿಕೊಂಡರು.

"ಮಸಾಲೆ ಚೆನ್ನಾಗಿ ಹಿಡಿದಿದೆ," ಎಂದು ಕೈ ಒರೆಸಿ, ಮತ್ತೆ ಬೀನ್ಸಿನ ಕಡೆ ತಿರುಗಿದರು.