ವೀರಣ್ಣನವರ ಲ್ಯಾಪ್‌ಟಾಪ್ ಚೊಕ್ಕಟ ಮಾಡಿದ ಶನಿವಾರ

ವೀರಣ್ಣನವರು ಒಂದೂ ಕಾರಿಲ್ಲದ ರಸ್ತೆಯಲ್ಲೂ ಸಿಗ್ನಲ್ ಬದಲಾಗುವವರೆಗೆ ನಿಂತಿರುತ್ತಿದ್ದರು. ಫ್ರೀಮಾಂಟ್ ಸೇತುವೆಯ ಹತ್ತಿರ ಒಮ್ಮೆ ಜಿಟಿಜಿಟಿ ಮಳೆಯಲ್ಲಿ ನನ್ನನ್ನೂ ಹಾಗೆ ನಿಲ್ಲಿಸಿದಾಗ ನಾನು ರೇಗಿದ್ದೆ. ಅವರು ನಕ್ಕಿದ್ದರು. ಗ್ರಂಥಾಲಯದ ಪುಸ್ತಕವನ್ನು ಗಡುವಿಗೆ ಎರಡು ದಿನ ಮೊದಲೇ ಹಿಂದಿರುಗಿಸುವ ಮನುಷ್ಯ. "ನಮ್ಮನಿಯವ್ರು ಕನಸಿನ್ಯಾಗೂ ಸೀಟ್ ಬೆಲ್ಟ್ ಹಾಕ್ಕೋತಾರ" ಎಂದು ಹೆಂಡತಿ ಗೌರಾದೇವಿ ಛೇಡಿಸುತ್ತಿದ್ದರು.

ವೀರಣ್ಣನವರು ಗದಗಿನವರು. ಊರಂಚಿನ ಟಕ್ವಿಲಾದ ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಒಂದು ಸಣ್ಣ ಕಂಪನಿಯಲ್ಲಿ ಎಂಟು ವರ್ಷದಿಂದ ಇದ್ದರು. ನಮ್ಮದು ಅವರಿದ್ದ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮನೆ. ನಾನು ಸೌತ್ ಲೇಕ್ ಯೂನಿಯನ್ನಿನ ಆಫೀಸೊಂದಕ್ಕೆ ಹೋಗುತ್ತಿದ್ದೆ. ಇಬ್ಬರದೂ ಕೆಲಸದ ವೀಸಾ. ಆಗ, ಅಂದರೆ ೨೦೧೩ರಲ್ಲಿ, ಕೆಲಸ ಹೋದ ದಿನವೇ ಈ ದೇಶದಲ್ಲಿ ಇರುವ ಹಕ್ಕೂ ಹೋಗುತ್ತಿತ್ತು. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವರು ಆ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ.

ಇಂಥ ವೀರಣ್ಣನವರು ಯಾರನ್ನೂ ಕೇಳದೆ ಮಾಡಿದ್ದು ಒಂದೇ ಒಂದು ಕೆಲಸ. ಕಂಪನಿಯ ಸರ್ವರುಗಳೆಲ್ಲ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಓಡುತ್ತಿದ್ದವು, ಕೈಗೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮಾತ್ರ ವಿಂಡೋಸ್ ಇತ್ತು. ಬರೆದ ಪ್ರೋಗ್ರಾಮನ್ನು ಮನೆಯಲ್ಲೇ ಪರೀಕ್ಷಿಸಿ ನೋಡಲೆಂದು ಡಿಸ್ಕನ್ನು ಎರಡು ಭಾಗ ಮಾಡಿ, ಲಿನಕ್ಸನ್ನೂ ಹಾಕಿಕೊಂಡಿದ್ದರು. ಎರಡು ವರ್ಷ ಯಾರೂ ಕೇಳಲಿಲ್ಲ.

ಆಮೇಲೆ ಬೇರೆ ಕಂಪನಿಯವರು ಇವರ ಕಂಪನಿಯನ್ನು ಕೊಂಡರು. ಒಂದು ಬುಧವಾರ ಎಲ್ಲರಿಗೂ ಮೇಲ್ ಬಂತು: ಸೋಮವಾರ ಲ್ಯಾಪ್‌ಟಾಪುಗಳ ತಪಾಸಣೆ, ತಪ್ಪದೆ ತರಬೇಕು.

ಶನಿವಾರ ಬೆಳಿಗ್ಗೆ ಅವರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದರು.

"ಹೋಗಿ ಖರೇ ಹೇಳಿಬಿಡ್ತೀನ್ರಿ ರಂಜಿನಿಯವರ. ಕೆಲಸಕ್ಕಂತನ ಹಾಕ್ಕೊಂಡಿದ್ದೆ, ಕಳುವು ಏನ್ ಮಾಡಿಲ್ಲಲ್ಲ."

"ನಿಮಗೇನ್ ತಲೆ ಕೆಟ್ಟಿದ್ಯಾ?" ಎಂದೆ. "ಬಂದಿರೋರು ಹೊಸಬ್ರು, ನಿಮ್ಮ ಗುಣ ಅವರಿಗೇನ್ ಗೊತ್ತು? ಡಿಲೀಟ್ ಮಾಡಿ ಮೊದಲು. ಯಾರಿಗೆ ಗೊತ್ತಾಗುತ್ತೆ?"

ಇದು ನಮ್ಮ ಜನಕ್ಕೆ ಅಂಟಿದ ಚಾಳಿ. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಹಿಂದಿನ ದಿನ ಶಾಲೆಯನ್ನೆಲ್ಲ ಗುಡಿಸಿ, ಹರಿದ ಪುಸ್ತಕವನ್ನು ಅಟ್ಟಕ್ಕೆ ಸೇರಿಸುತ್ತೇವೆ. ನಾನು ಹಾಗೇ ಬೆಳೆದವಳು. ಅವರು ಇನ್ನೂ ಅನುಮಾನಿಸುತ್ತಿದ್ದಂತೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ. ಲಿನಕ್ಸ್ ಇದ್ದ ಭಾಗವನ್ನು ಅಳಿಸಿದ್ದು ನನ್ನ ಕೈ. ಅರೆ ನಿಮಿಷವೂ ಹಿಡಿಯಲಿಲ್ಲ.

ಮತ್ತೆ ಶುರು ಮಾಡಿದಾಗ ಪರದೆ ಕಪ್ಪಾಗಿ, ಅಂಥ ಭಾಗವೇ ಇಲ್ಲವೆಂಬ ಒಂದು ಸಾಲು ಮಾತ್ರ ಬಂತು. ಯಂತ್ರ ಏಳುವಾಗ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಈಗ ಇದ್ದದ್ದು ಲಿನಕ್ಸಿನದು, ಅದರ ಮುಕ್ಕಾಲು ಪಾಲು ನಾನು ಅಳಿಸಿದ ಭಾಗದಲ್ಲೇ ಇತ್ತು. ಮೊದಲು ವಿಂಡೋಸಿನ ಹಳೆಯ ಬೂಟ್‌ಲೋಡರನ್ನು ಕೂರಿಸಿ ಆಮೇಲೆ ಅಳಿಸಬೇಕು. ಅದು ನನಗೆ ಗೊತ್ತಿತ್ತು. ಅವಸರದಲ್ಲಿ ಹಿಂದುಮುಂದಾಯಿತು.

ವೀರಣ್ಣನವರು ನೆಲದ ಮೇಲೆ ಕೂತುಬಿಟ್ಟರು. "ಎಂಟು ವರ್ಷರಿ" ಎಂದರು. ಅವರ ಹಿಂದೆಯೇ ಬಂದಿದ್ದ ಗೌರಾದೇವಿ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.

ನನ್ನ ಕಂಪ್ಯೂಟರಿನಲ್ಲಿ ವಿಂಡೋಸಿನ ರಿಪೇರಿ ಡಿಸ್ಕ್ ಮಾಡಿದೆ. ಮೊದಲನೆಯದನ್ನು ಲ್ಯಾಪ್‌ಟಾಪ್ ಓದಲೇ ಇಲ್ಲ. ಎರಡನೆಯದು ಹಿಡಿಯಿತು. ಹಳೆಯ ಬೂಟ್‌ಲೋಡರನ್ನು ಹಿಂದಕ್ಕೆ ತರುವ ಎರಡು ಆಜ್ಞೆಗಳನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದೆ, ವೀರಣ್ಣನವರು ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಓದಿ ತಾಳೆ ನೋಡಿದರು. ಮಧ್ಯಾಹ್ನ ಎರಡಕ್ಕೆ ವಿಂಡೋಸ್ ಯಾವ ಪ್ರಶ್ನೆಯನ್ನೂ ಕೇಳದೆ ನೇರವಾಗಿ ತೆರೆದುಕೊಂಡಿತು. ಖಾಲಿಯಾದ ಜಾಗವನ್ನೂ ಅದಕ್ಕೇ ಸೇರಿಸಿದೆವು. ಎರಡನೇ ಸಿಸ್ಟಂ ಇತ್ತು ಎಂಬುದಕ್ಕೆ ಒಂದು ಗುರುತೂ ಉಳಿಯಲಿಲ್ಲ. ಗೌರಾದೇವಿ ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ಎಲ್ಲರೂ ಸ್ವಲ್ಪ ಜಾಸ್ತಿಯೇ ನಕ್ಕೆವು.

ಸೋಮವಾರ ಮೂರು ಗಂಟೆಗೆ ನಾನು ಆಫೀಸಿನಲ್ಲಿದ್ದಾಗ ವೀರಣ್ಣನವರ ಫೋನು ಬಂತು. ಹಿಂದೆ ಬಸ್ಸಿನ ಸದ್ದು.

"ಯಾಕೆ ಇಷ್ಟು ಬೇಗ ಹೊರಟ್ರಿ?" ಎಂದೆ.

ನಿಧಾನವಾಗಿ ಹೇಳಿದರು. ಬುಧವಾರ ಮೇಲ್ ಕಳಿಸುವ ಮೊದಲೇ ಹೊಸಬರು ನೆಟ್‌ವರ್ಕಿನಿಂದ ಎಲ್ಲ ಲ್ಯಾಪ್‌ಟಾಪುಗಳ ಡಿಸ್ಕಿನ ವಿವರ ತೆಗೆದಿಟ್ಟುಕೊಂಡಿದ್ದರಂತೆ. ಆರು ಜನರ ಲ್ಯಾಪ್‌ಟಾಪಿನಲ್ಲಿ ಎರಡನೇ ಸಿಸ್ಟಂ ಇತ್ತಂತೆ.

"ಐದು ಮಂದಿ ಏನೂ ಅಳಿಸಿರಲಿಲ್ರಿ. ಇನ್ನ ಮ್ಯಾಲ ಕೇಳಿ ಹಾಕ್ಕೋತೀವಿ ಅಂತ ಒಂದು ಕಾಗದಕ್ಕ ಸಹಿ ಮಾಡಿ ಅವರವರ ಸೀಟಿಗೆ ಹೋದ್ರು. ನನ್ನ ಮಾತ್ರ ಒಳಗ ಕರದ್ರು. ಏನಿತ್ತು ಅದರಾಗ, ಗಿರಾಕಿಗಳ ಮಾಹಿತಿ ಯಾರಿಗೆ ಕೊಟ್ಟಿ, ಇಲ್ಲಂದ್ರ ತಪಾಸಣಿ ಅಂದ ಕೂಡ್ಲೆ ಯಾಕ ಅಳಿಸಿದಿ ಅಂತ ಕೇಳಿದ್ರು. ಅಂಜಿ ಅಳಿಸಿದೆ ಅಂದೆ. ನಂಬಲಿಲ್ರಿ."

ನಾನು ಫೋನ್ ಹಿಡಿದು ಎದ್ದು ಕಾರಿಡಾರಿಗೆ ಹೋದೆ.

"ಕೆಲಸದಿಂದ ತಗದ್ರು, ಬ್ಯಾಜು ಇಸಕೊಂಡ್ರು. ಯಾರ ಸಹಾಯ ತೊಗೊಂಡಿ ಅಂತ ಭಾಳ ಸಲ ಕೇಳಿದ್ರು. ಯಾರದೂ ಇಲ್ಲ ಅಂದೆ. ನಿಮ್ಮ ಹೆಸರು ಬಂದಿಲ್ರಿ, ನೀವು ಕಾಳಜಿ ಮಾಡಬ್ಯಾಡ್ರಿ."

ಅದನ್ನು ಕೇಳಿದ ಕೂಡಲೇ ನನಗೆ ಸಮಾಧಾನವಾಯಿತು. ನಾಚಿಕೆಯಾದದ್ದು ಆಮೇಲೆ.