ಕಾಗೆಯಿಲ್ಲದ ಊರಿನ ಎಡೆ

ಮೊನ್ನೆ ಹಾಲು ತರಲು ಮೂಲೆಯ ಡೈರಿಗೆ ಹೋಗಿದ್ದೆ. ಅಂಗಡಿಯ ಬಾಗಿಲ ಹೊರಗೆ ಯಾರೋ ಒಂದು ನಾಯಿ ಕಟ್ಟಿದ್ದರು. ಮಳೆಯಲ್ಲಿ ಚೆನ್ನಾಗಿ ನೆನೆದಿತ್ತು. ಒದ್ದೆ ನಾಯಿಯ ವಾಸನೆ ಗೊತ್ತಲ್ಲ, ಗೋಣಿಚೀಲ ನೆನೆದು ಮುಗ್ಗಿದ ಹಾಗೆ. ಹೋಗುವವರು ಬರುವವರು ಅದರ ತಲೆ ಸವರುತ್ತಿದ್ದರು. ನಾನು ಸೆರಗು ಒತ್ತರಿಸಿಕೊಂಡು ಒಳಗೆ ಹೋದೆ. ವಾಸನೆ ಮಾತ್ರ ಬೆನ್ನು ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಹಾಲಿನ ಬದಲು ಬ್ರೆಡ್ ತಂದಿದ್ದೆ. ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ.

ಆಕ್ಲೆಂಡಿನ ಪಾಪಟೋಟೊಯಿಯಲ್ಲಿ ನಾವಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬಾಕೆ ಇದ್ದಳು. ಧಾರವಾಡದ ಕಡೆಯ ಕ್ರಿಶ್ಚಿಯನ್ ಹೆಂಗಸು, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ನರ್ಸು. ನಾನು ಸಿಸ್ಟರಮ್ಮ ಅಂತಲೇ ಕರೆಯುತ್ತಿದ್ದೆ. ಆಕೆ ನನಗೆ ಅಕ್ಕಾರ ಅನ್ನುತ್ತಿದ್ದಳು. ಮಗ, ಸೊಸೆ ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ ಹೋದ ಮೇಲೆ ನನ್ನ ಹತ್ತಿರ ಕನ್ನಡ ಮಾತಾಡುವ ಜೀವ ಅದೊಂದೇ. ನಡುವೆ ಮರದ ಬೇಲಿ. ಒಂದು ಹಲಗೆ ಬಿದ್ದುಹೋಗಿತ್ತು. ಅದನ್ನು ಸರಿ ಮಾಡಿಸೋಣ ಅಂತ ಇಬ್ಬರೂ ಹೇಳುತ್ತಿದ್ದೆವು, ಇಬ್ಬರೂ ಮಾಡಿಸಲಿಲ್ಲ.

ಆಕೆಗೆ ಮಕ್ಕಳಿರಲಿಲ್ಲ, ಗಂಡ ತೀರಿಕೊಂಡಿದ್ದ. ಒಂದು ಮುದಿ ನಾಯಿ ಇತ್ತು, ಬಾಳ್ಯಾ ಅಂತ. ಒಳ್ಳೇ ಕರುವಿನಷ್ಟು ದಪ್ಪ. ನಾನು ಅಲ್ಲಿಗೆ ಹೋಗುವ ಹೊತ್ತಿಗೇ ಅದಕ್ಕೆ ಕಿಡ್ನಿ ಕಾಯಿಲೆ ಹಿಡಿದಿತ್ತು. ಒಂದೂವರೆ ವರ್ಷ ಆಕೆ ಅದಕ್ಕೆ ಮಾಡಿದ ಚಾಕರಿ ನಾನು ನನ್ನ ಅತ್ತೆಗೆ ಮಾಡಿರಲಿಲ್ಲ. ಡ್ಯೂಟಿಗೆ ಹೋಗುವ ಮುಂಚೆ, ಇಲ್ಲವೆ ಮುಗಿಸಿ ಬಂದು, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬಿಗೆ ಸಲೈನ್ ಚೀಲ ನೇತುಹಾಕಿ, ನಾಯಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಹೆಗಲ ಚರ್ಮ ಎತ್ತಿ ಸೂಜಿ ಚುಚ್ಚುತ್ತಿದ್ದಳು. ಅದು ಮಿಸುಕುತ್ತಿರಲಿಲ್ಲ. ಅಷ್ಟು ಹಗುರ ಕೈ. ನನ್ನ ಸಕ್ಕರೆ ಕಾಯಿಲೆಗೆ ಬೆರಳು ಚುಚ್ಚಿ ನೋಡುತ್ತಿದ್ದವಳೂ ಆಕೆಯೇ. ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ.

"ನಾಯಿಗೆ ಇಷ್ಟೆಲ್ಲ ಮಾಡ್ತೀಯಲ್ಲ ಸಿಸ್ಟರಮ್ಮ, ನಿನಗೇನು ಹುಚ್ಚಾ?" ಅಂತ ಕೇಳಿದ್ದೆ.

"ಹೂಂ ರೀ ಅಕ್ಕಾರ, ಹುಚ್ಚ. ನೀವೂ ಒಂದಿನ ಬಂದು ಮಲಗ್ರಿ, ನಿಮಗೂ ಹಚ್ಚತೀನಿ."

ಒಂದು ಮಾತು ಮಾತ್ರ ಆಕೆ ನನಗೆ ಮೊದಲೇ ಹೇಳಿದ್ದಳು. "ಬಾಳ್ಯಾ ಬೇಲಿ ಕಡೆ ಬಂದು ಜೊಲ್ಲು ಸುರಿಸ್ತಾನ. ಏನೂ ಹಾಕಬ್ಯಾಡ್ರಿ ಅಕ್ಕಾರ. ಡಾಕ್ಟರ್ ಕೊಟ್ಟ ಡಬ್ಬಿ ಊಟ ಬಿಟ್ಟು ಏನೂ ತಿನ್ನೂಹಂಗಿಲ್ಲ."

"ನಾನ್ಯಾಕಮ್ಮ ಹಾಕಲಿ? ನಾಯಿ ಮುಟ್ಟೋಳೇ ಅಲ್ಲ ನಾನು" ಅಂದಿದ್ದೆ.

ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು, ನಮ್ಮ ಯಜಮಾನರ ತಿಥಿ ಶನಿವಾರ ಬಂತು. ಮನೆಯಲ್ಲೇ ಎಡೆ ಇಟ್ಟೆ. ಅನ್ನ, ಹುಳಿ, ವಡೆ, ಶಾವಿಗೆ ಪಾಯಸ. ಪಾಯಸಕ್ಕೆ ಒಣದ್ರಾಕ್ಷಿ ಧಾರಾಳ ಹಾಕಿದೆ. ಕಮ್ಮಿಯಾದರೆ "ಏನೇ, ದ್ರಾಕ್ಷಿಗೆ ಬರ ಬಂತಾ?" ಅಂತ ಕೇಳುತ್ತಿದ್ದ ಮನುಷ್ಯ. ಫೋಟೋದ ಮುಂದಿನ ಪೂಜೆ ಮುಗಿದ ಮೇಲೆ ಒಂದು ಎಲೆಯಲ್ಲಿ ಎಲ್ಲಾ ಬಡಿಸಿ ಹಿತ್ತಲಲ್ಲಿ ಇಟ್ಟು ಬಂದೆ. ಕಾಗೆ ಮುಟ್ಟಬೇಕು, ಆಮೇಲೆ ಮನೆಯವರ ಊಟ. ನಾನು ಕಂಡ ಪದ್ಧತಿ ಅದು.

ಆಕ್ಲೆಂಡಿನಲ್ಲಿ ಕಾಗೆ ಇಲ್ಲ. ಬೇರೆ ಹಕ್ಕಿಗಳಿವೆ, ಕಾಗೆ ಮಾತ್ರ ಇಲ್ಲ. ಹನ್ನೆರಡಾಯಿತು, ಒಂದಾಯಿತು. ಒಂದು ಗೊರವಂಕ ಬಂದು ಎಲೆಯ ಸುತ್ತ ಓಡಾಡಿ ಹಾರಿಹೋಯಿತು.

"ಅಮ್ಮ, ಇಲ್ಲಿ ಕಾಗೆ ಬರಲ್ಲ. ಸೀಗಲ್ ಬಂದ್ರೂ ಲೆಕ್ಕಕ್ಕೆ ತಗೊ. ಅಪ್ಪನಿಗೂ ಮೀನು ಅಂದ್ರೆ ಪ್ರಾಣ" ಅಂದ ಮಗ.

"ಬಾಯಿ ಮುಚ್ಚೋ."

"ಅಜ್ಜಿ, ಐಯಾಮ್ ಸ್ಟಾರ್ವಿಂಗ್" ಅಂದಳು ಮೊಮ್ಮಗಳು.

ಸೊಸೆ ಗಡಿಯಾರ ನೋಡಿದಳು. ನನಗೆ ಸಂಕಟ. ಯಜಮಾನರು ಸಾಯುವ ಮುಂಚೆ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು, ನಾನು ಮಗನ ಹತ್ತಿರ ಬರುತ್ತೇನೆ ಅಂದಿದ್ದಕ್ಕೆ. ಅದೇ ಕೋಪ ಇನ್ನೂ ಇದೆಯೇನೋ, ಅದಕ್ಕೇ ಮುಟ್ಟುತ್ತಿಲ್ಲವೇನೋ ಅಂತ... ಹಸಿವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹಿತ್ತಲಿಗೆ ಒಬ್ಬಳೇ ಹೋದೆ. ಸಿಸ್ಟರಮ್ಮ ಡ್ಯೂಟಿಗೆ ಹೋಗಿದ್ದಳು. ಬಿದ್ದ ಹಲಗೆಯ ಜಾಗದಿಂದ ಬಾಳ್ಯಾ ತಲೆ ತೂರಿಸಿ, ಆಮೇಲೆ ಮೈ ತೂರಿಸಿ ಈಚೆಗೆ ಬಂತು. ಎಲೆಯ ಹತ್ತಿರ ಬಂದು ನನ್ನ ಮುಖ ನೋಡಿತು. ಅದು ಕಾದದ್ದು ನಿಜ. ಹಚಾ ಅಂದಿದ್ದರೆ ಹೋಗುತ್ತಿತ್ತು. ನಾನು ಅನ್ನಲಿಲ್ಲ. ಅದು ಮೊದಲು ಪಾಯಸಕ್ಕೆ ಬಾಯಿ ಹಾಕಿತು, ಎಲೆ ಹರಿಯುವ ಹಾಗೆ ನೆಕ್ಕಿತು. ನನಗೆ ಅಳು ಬಂತು. ಒಳಗೆ ಹೋಗಿ ಇನ್ನೊಂದು ಬಟ್ಟಲು ಪಾಯಸ ತಂದು ಸುರಿದೆ. ಹೌದು, ನಾನೇ ತಂದು ಸುರಿದೆ.

"ಮುಟ್ಟಿತು, ಬನ್ನಿ ಊಟಕ್ಕೆ" ಅಂದೆ.

"ಏನಮ್ಮ ಮುಟ್ಟಿದ್ದು?" ಮಗ ಕೇಳಿದ.

"ಏನೋ ಒಂದು ಮುಟ್ಟಿತು. ನೀನು ಎಲೆ ಹಾಕು."

ಅಂದು ಸಂಜೆಯಿಂದಲೇ ಬಾಳ್ಯಾ ವಾಂತಿ ಮಾಡಿಕೊಳ್ಳತೊಡಗಿತಂತೆ. ಮಂಗಳವಾರದ ಹೊತ್ತಿಗೆ ಏಳಲಿಲ್ಲ. ಡಾಕ್ಟರ ಹತ್ತಿರ ಕಾರಿನಲ್ಲಿ ಹಾಕಿಕೊಂಡು ಹೋದ ಸಿಸ್ಟರಮ್ಮ ಖಾಲಿ ಕೊರಳಪಟ್ಟಿ ಹಿಡಿದುಕೊಂಡು ಬಂದಳು. ಇಲ್ಲಿ ವಾಸಿಯಾಗದ ನಾಯಿಗೆ ಸೂಜಿ ಹಾಕಿ ಮತ್ತೆ ಏಳದ ಹಾಗೆ ಮಲಗಿಸಿಬಿಡುತ್ತಾರೆ. ನಾನು ಬಿಸಿ ಸಾರು, ಅನ್ನ ತೆಗೆದುಕೊಂಡು ಹೋದೆ. ಆಕೆ ಊಟ ಮುಟ್ಟಲಿಲ್ಲ. ನನ್ನ ಕೈ ಹಿಡಿದುಕೊಂಡು ಕೂತಳು.

"ಎಲ್ಲಾ ನಂದೇ ತಪ್ಪು ಅಕ್ಕಾರ. ಶನಿವಾರ ಡ್ಯೂಟಿಗೆ ಹೋಗೂ ಗಡಿಬಿಡ್ಯಾಗ ಸಲೈನ್ ಜಾಸ್ತಿ ಬಿಟ್ಟೀನಿ. ನನ್ನ ಕೈ ತಪ್ಪೈತಿ."

"ಡಾಕ್ಟರು ಹಾಗಂದ್ರಾ?"

"ಅವರು ಹಂಗನ್ನಲಿಲ್ಲ. ಹೊರಗ ಏನರ ತಿಂದಿತ್ತೇನು, ದ್ರಾಕ್ಷಿ ಗೀಕ್ಷಿ, ಅಂತ ಕೇಳಿದ್ರು. ಒಣದ್ರಾಕ್ಷಿ ನಾಯಿಗೆ ವಿಷ ಅಂತಲ್ರೀ. ನಾ ಅಂದೆ, ಇಲ್ಲ, ಸಾಧ್ಯನ ಇಲ್ಲ. ನಮ್ಮ ಬಾಜೂ ಮನಿ ಅಕ್ಕಾರು ನಾಯಿ ಮುಟ್ಟೂದ ಇಲ್ಲ ಅಂತ."

ಆ ಮಾತು ಕೇಳಿದಾಗ ನನ್ನ ಕೈ ಆಕೆಯ ಕೈಯಲ್ಲೇ ಇತ್ತು. ನಾನು ಹೇಳಿದ್ದೇನು ಗೊತ್ತೆ? "ಹೋಗ್ಲಿ ಬಿಡಮ್ಮ, ಅದರ ಆಯಸ್ಸು ಅಷ್ಟೇ ಇತ್ತು."

ಆಯಸ್ಸು ಬಹಳ ಇರಲಿಲ್ಲ, ಅದೂ ನಿಜ. ಡಾಕ್ಟರೇ ಮೂರು ನಾಲ್ಕು ತಿಂಗಳು ಅಂದಿದ್ದರು. ಎಷ್ಟೋ ಸಲ ಆ ಮೂರು ನಾಲ್ಕು ತಿಂಗಳ ಹಿಂದೆ ಅವಿತುಕೊಂಡಿದ್ದೇನೆ. ಆದರೆ ನಾಯಿ ಸತ್ತದ್ದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ಒಂದು ತಿಂಗಳು ಕಳೆದಿರಬೇಕು. ಆಕೆ ಬೇಲಿಯ ಹತ್ತಿರ ನಿಂತು ಹೇಳಿದಳು, "ಸೂಜಿ ಹಿಡದ್ರ ಕೈ ನಡುಗತಾವ್ರೀ. ಇನ್ನ ಯಾರದರ ಜೀವ ತಗದಬಿಟ್ಟೇನು ಅಂತ. ನನ್ನ ಲಾಂಡ್ರಿಗೆ ಹಾಕ್ರಿ ಅಂತ ಕೇಳೀನಿ." ಮೂವತ್ತು ವರ್ಷ ನರ್ಸಾಗಿದ್ದ ಹೆಂಗಸು. ನಾನು ಬೆರಳು ಮುಂದೆ ಮಾಡಿ, "ನನಗೆ ಚುಚ್ಚು ನೋಡೋಣ" ಅಂದೆ. ಆಕೆ ತಲೆಯಾಡಿಸಿ, "ಬ್ಯಾಡ್ರಿ" ಅಂದಳು.

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. "ಬಟ್ಟೆ ಮಡಚೋದು ಒಳ್ಳೇ ಕೆಲಸ ಕಣಮ್ಮ, ತಲೆಬಿಸಿ ಇರಲ್ಲ" ಅಂದುಬಿಟ್ಟೆ.

ಜಗಳಕ್ಕೆ ಹೆದರಿ ಅಲ್ಲ. ಆಕೆ ಜಗಳ ಆಡುವವಳೇ ಅಲ್ಲ. ಯಜಮಾನರು ಕೋಪ ಬಿಟ್ಟು ಬಂದು ಉಂಡರು ಅಂತ ನಾನು ನಂಬಿದ್ದೆ, ಅವತ್ತು ರಾತ್ರಿ ಎಷ್ಟೋ ವರ್ಷದ ಮೇಲೆ ಚೆನ್ನಾಗಿ ನಿದ್ದೆ ಮಾಡಿದ್ದೆ. ನಿಜ ಹೇಳಿದರೆ ಅದೆಲ್ಲ ಏನಾಯಿತು? ಒಂದು ರೋಗದ ನಾಯಿಗೆ ವಿಷ ಹಾಕಿದ್ದು, ಅಷ್ಟೇ ಆಯಿತು. ನನ್ನ ನೆಮ್ಮದಿ ಉಳಿಸಿಕೊಳ್ಳಲು ಆಕೆಯ ಕೈ ಕಳೆದೆ.

ಮುಂದಿನ ವರ್ಷ ಆಕೆ ಕ್ರೈಸ್ಟ್‌ಚರ್ಚಿನಲ್ಲಿದ್ದ ತಂಗಿಯ ಮನೆಗೆ ಹೋದಳು. ನಾವೂ ಆಕ್ಲೆಂಡಿನಲ್ಲೇ ನ್ಯೂ ಲಿನ್‌ಗೆ ಮನೆ ಬದಲಾಯಿಸಿದೆವು. ಹಬ್ಬಕ್ಕೆ, ಕ್ರಿಸ್ಮಸ್ಸಿಗೆ ಫೋನು ಮಾಡುತ್ತಿದ್ದಳು. "ಸಕ್ಕರಿ ನೋಡಕೊಂಡ್ರೇನ್ರಿ ಅಕ್ಕಾರ?" ಅಂತ ತಪ್ಪದೆ ಕೇಳುತ್ತಿದ್ದಳು. ಪ್ರತಿಸಲವೂ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ...

ಈ ಚಳಿಗಾಲದಲ್ಲಿ ತಂಗಿಯ ಫೋನು ಬಂತು. ಸಿಸ್ಟರಮ್ಮ ನಿದ್ದೆಯಲ್ಲೇ ಹೋದಳಂತೆ.

"ಅಕ್ಕ ನಿಮ್ಮನ್ನ ಭಾಳ ನೆನಸತಿದ್ದಳ್ರೀ. ಬಾಳ್ಯಾ ಹೋದ ದಿನ ಜತಿಗೆ ಕುಂತಾಕಿ ನೀವೊಬ್ಬಾಕೆನ ಅಂತ."

"ಹೂಂ" ಅಂದೆ.

"ಕಡೀತನಕಾ ಸೂಜಿ ಮುಟ್ಟಲಿಲ್ರೀ ಆಕಿ."

ಅದಕ್ಕೂ ಹೂಂ ಅಂದೆ.

ಆಕೆಯ ಕೈ ತಪ್ಪಿರಲಿಲ್ಲ. ಇಷ್ಟನ್ನು ತಂಗಿಗಾದರೂ ಹೇಳಬೇಕು ಅಂತ ಆಮೇಲೆ ಎರಡು ಸಲ ಮೊಮ್ಮಗಳ ಕೈಯಲ್ಲಿ ನಂಬರು ಒತ್ತಿಸಿದೆ. ಎರಡು ಸಲವೂ ಆ ತಂಗಿಯೇ ಫೋನು ಎತ್ತಿದಳು. ಎರಡು ಸಲವೂ, "ಅಲ್ಲಿ ಚಳಿ ಜಾಸ್ತಿಯೇನಮ್ಮ?" ಅಂತ ಕೇಳಿ ಇಟ್ಟಿದ್ದೇನೆ.